ದರ್ಜಿಯ ಉಸಿರು

ದರ್ಜಿಯ ಭುಜ ಕಟಕ್ಕನೆ ಜಾಗಕ್ಕೆ ಕೂತಿತು. ಡಾಕ್ಟರ್ ನಿಟ್ಟುಸಿರು ಬಿಟ್ಟಳು. ದರ್ಜಿ ಮಾತ್ರ ಉಸಿರು ಬಿಡಲಿಲ್ಲ.

ಎಪ್ಪತ್ತು ದಾಟಿದ ಬಡಕಲು ಮೈ. ಅಂಗಡಿಯ ಅಟ್ಟದಿಂದ ಬಟ್ಟೆಯ ಥಾನು ಇಳಿಸುವಾಗ ಸ್ಟೂಲಿನಿಂದ ಜಾರಿ, ಕೀಲು ತಪ್ಪಿಸಿಕೊಂಡು ಬಂದಿದ್ದರು. ಎಳೆದು ಕೂರಿಸುವಾಗ ನೋವಾಗದಿರಲೆಂದು ಡಾಕ್ಟರ್ ಮಂಪರಿನ ಇಂಜೆಕ್ಷನ್ ಕೊಟ್ಟಿದ್ದಳು. ಆ ಚಿಕ್ಕ ಆಸ್ಪತ್ರೆಗೆ ಅವಳು ಸೇರಿ ಇನ್ನೂ ತಿಂಗಳಾಗಿರಲಿಲ್ಲ.

"ಎದೆ ಏಳ್ತಿಲ್ಲ," ಎಂದರು ಹಿರಿಯ ನರ್ಸ್. ಎಲ್ಲರೂ ಅವರನ್ನು ದೊಡ್ಡಕ್ಕ ಎನ್ನುತ್ತಿದ್ದರು.

ಬೆರಳಿಗೆ ಕ್ಲಿಪ್ ಸಿಕ್ಕಿಸಿದ್ದ ಯಂತ್ರದಲ್ಲಿ ಆಮ್ಲಜನಕದ ಅಂಕಿ ಎಂಬತ್ನಾಲ್ಕಕ್ಕೆ ಇಳಿದಿತ್ತು. ಡಾಕ್ಟರ್ ದರ್ಜಿಯ ಗಂಟಲಿಗೆ ಉಸಿರಾಟದ ಟ್ಯೂಬ್ ಇಳಿಸಲು ಹೊರಟಳು. ನಾಲಗೆಯ ಹಿಂದೆ ಶ್ವಾಸನಾಳದ ಬಾಯಿ ಕಾಣಲಿಲ್ಲ.

"ಇನ್ನೊಂದ್ಸಲ ನೋಡ್ತೀನಿ."

"ಬೇಡಮ್ಮ. ಟ್ಯೂಬ್ ಕಾಯುತ್ತೆ, ಅವರು ಕಾಯಲ್ಲ. ಮೊದಲು ಗಾಳಿ ಕೊಡೋಣ."

ಅಂಕಿ ಎಪ್ಪತ್ತಾರಕ್ಕೆ ಇಳಿಯಿತು. ದೊಡ್ಡಕ್ಕ ಮಾಸ್ಕ್ ಒತ್ತಿ, ಅದಕ್ಕೆ ಜೋಡಿಸಿದ್ದ ರಬ್ಬರ್ ಚೀಲವನ್ನು ಹಿಸುಕಿದರು. ಗಾಳಿ ಪುಸ್ಸೆಂದು ಪಕ್ಕದಿಂದ ಸೋರಿಹೋಯಿತು. ಹಲ್ಲಿನ ಸೆಟ್ ತೆಗೆಸಿದ್ದರಿಂದ ಕೆನ್ನೆಗಳು ಗುಳಿಬಿದ್ದು ಮಾಸ್ಕ್ ಕೂರುತ್ತಿರಲಿಲ್ಲ.

"ಹಲ್ಲು ಹೆಂಡ್ತಿ ಹತ್ರ ಇದೆ. ನಾನು ಒತ್ತುತ್ತಿರ್ತೀನಿ, ನೀವು ಓಡಿ."

ಡಾಕ್ಟರ್ ಬಾಗಿಲಾಚೆ ಧಾವಿಸಿದಳು. ಆಂಬುಲೆನ್ಸಿಗೆ ಫೋನ್ ಮಾಡುವಂತೆ ಚೀಟಿ ಬರೆಯುವವನಿಗೆ ಕೂಗಿದಳು. ಬೆಂಚಿನ ಮೇಲಿದ್ದ ದರ್ಜಿಯ ಹೆಂಡತಿ ಎದ್ದು, ಹಲ್ಲಿನ ಸೆಟ್ ಕಟ್ಟಿಟ್ಟಿದ್ದ ಕರವಸ್ತ್ರದ ಗಂಟು ಬಿಚ್ಚತೊಡಗಿದರು.

"ಎದ್ರಾ? ಹಸಿವು ಅಂದ್ರಾ? ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಡಾಕ್ಟರ್ ತಲೆಯಾಡಿಸಿದಳು. "ಇಲ್ಲಮ್ಮ. ಉಸಿರಾಟ ನಿಂತಿದೆ. ಗಾಳಿ ಕೊಡೋಕೆ ಹಲ್ಲು ಬೇಕು."

ಆಕೆ ಗಂಟು ಬಿಚ್ಚುವುದನ್ನು ಬಿಟ್ಟರು. ಕರವಸ್ತ್ರವನ್ನೇ ಕೈಗೆ ತುರುಕಿದರು.

ಸೆಟ್ ಹಾಕಿದೊಡನೆ ಕೆನ್ನೆ ತುಂಬಿಕೊಂಡಿತು. ಡಾಕ್ಟರ್ ಎರಡೂ ಕೈಗಳಿಂದ ದವಡೆ ಎತ್ತಿ ಮಾಸ್ಕನ್ನು ಬಿಗಿಯಾಗಿ ಹಿಡಿದಳು. ದೊಡ್ಡಕ್ಕ ಚೀಲ ಒತ್ತಿದರು. ಎದೆ ಎದ್ದಿತು.

"ಬೇಗ ಬೇಗ ಒತ್ತಿ, ದೊಡ್ಡಕ್ಕ."

"ಅವಸರ ಮಾಡಿದ್ರೆ ಗಾಳಿ ಹೊಟ್ಟೆಗೆ ಹೋಗುತ್ತೆ. ಒಂದ್ಸಲ ಒತ್ತೋದು, ಐದು ಎಣಿಸೋದು."

ಅಂಕಿ ಅರವತ್ತೊಂಬತ್ತಕ್ಕೆ ಬಿತ್ತು. ಡಾಕ್ಟರ್ ಯಂತ್ರದಿಂದ ಕಣ್ಣು ಕೀಳಲಿಲ್ಲ.

"ಅದನ್ನ ನೋಡ್ಬೇಡಿ," ಎಂದರು ದೊಡ್ಡಕ್ಕ. "ಯಂತ್ರ ತಡವಾಗಿ ಹೇಳುತ್ತೆ. ಎದೆ ನೋಡಿ."

ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಒಂದು ನಿಮಿಷದ ಮೇಲೆ ಅಂಕಿ ಎಪ್ಪತ್ತೆಂಟಾಯಿತು, ಆಮೇಲೆ ತೊಂಬತ್ತೊಂದು. ಡಾಕ್ಟರ ಬೆರಳುಗಳು ಮರಗಟ್ಟಿದವು, ಆದರೂ ಹಿಡಿತ ಸಡಿಲಿಸಲಿಲ್ಲ. ಹತ್ತು ನಿಮಿಷ ಕಳೆದಿರಬೇಕು. ಎರಡು ಒತ್ತುಗಳ ನಡುವೆ ಎದೆ ತಾನಾಗಿಯೇ ಒಮ್ಮೆ ಎದ್ದಿತು. ಮತ್ತೊಮ್ಮೆ. ದರ್ಜಿ ಕೆಮ್ಮಿ, ಮಾಸ್ಕನ್ನು ತಳ್ಳಲು ನೋಡಿದರು. ದೊಡ್ಡಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

ಆಂಬುಲೆನ್ಸ್ ಬಂದಾಗ ಡಾಕ್ಟರ್ ಹೆಂಡತಿಯ ಎದುರು ನಿಂತಳು. "ಮಂಪರಿನ ಔಷಧಿ ಅವರ ವಯಸ್ಸಿಗೆ ಜಾಸ್ತಿ ಆಯ್ತಮ್ಮ. ಕೊಟ್ಟಿದ್ದು ನಾನೇ. ದೊಡ್ಡಾಸ್ಪತ್ರೆಗೆ ಕೊಡೋ ಚೀಟಿಯಲ್ಲೂ ಹಾಗೇ ಬರೆದಿದ್ದೀನಿ."

ಆಕೆ ಗಂಡನ ಕಡೆ ನೋಡಿದರು. "ಉಸಿರು ಮತ್ತೆ ನಿಲ್ಲುತ್ತಾ?"

"ನಿಲ್ಲಲಾರದು. ಆದ್ರೂ ದೊಡ್ಡಾಸ್ಪತ್ರೆಯಲ್ಲಿ ಒಂದು ದಿನ ಇಟ್ಟು ನೋಡ್ಬೇಕು."

"ಹಾಗಾದ್ರೆ ನೀವೂ ಬನ್ನಿ. ದಾರಿಯಲ್ಲಿ ನಿಂತ್ರೆ ನನಗೇನು ಗೊತ್ತಾಗುತ್ತೆ?"

ಡಾಕ್ಟರ್ ಆಂಬುಲೆನ್ಸ್ ಹತ್ತಿ, ರಬ್ಬರ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ದರ್ಜಿಯ ತಲೆಯ ಬಳಿ ಕೂತಳು. ಎದುರಿಗೆ ಹೆಂಡತಿ ಕೂತರು. ದಾರಿಯುದ್ದಕ್ಕೂ ದರ್ಜಿ ತಾವೇ ಉಸಿರಾಡಿದರು.