ಚಿಂದಿ ಬೆಳ್ಳಗಾಗುವ ತನಕ

ಜಾವೀದ್ ಕುಟ್ಟಾಣಿ ಎತ್ತಿ ಟ್ರಂಕಿನ ಬೀಗಕ್ಕೆ ಇನ್ನೊಂದು ಏಟು ಹಾಕಿದ. ಬೀಗ ಕುಣಿಯಿತೇ ಹೊರತು ಬಾಯಿ ಬಿಡಲಿಲ್ಲ. ಆ ಸದ್ದಿಗೆ ಹಿತ್ತಲಿನಲ್ಲಿ ಬಿಂದಿಗೆಗಳ ಸಪ್ಪಳ ಒಂದು ಕ್ಷಣ ನಿಂತಿತು. ಅಲ್ಲಿ ಅಡ್ಡ ಹಿಡಿದ ಚಾದರದ ಹಿಂದೆ ತೀರಿಕೊಂಡ ಅವನ ಅಪ್ಪ ಚಾಂದಪಾಶಾನ ಮೈ ತೊಳೆಯುತ್ತಿದ್ದರು.

"ಅರೇ, ಮಯ್ಯತ್ ಇನ್ನಾ ಮನ್ಯಾಗ ಅದ. ಕಳ್ಳರಂಗ ಬೀಗ ಒಡಿಯಾಕತ್ತಿಯಲ್ಲ!" ಎಂದು ಪಕ್ಕದ ಮನೆಯ ಮಸ್ತಾನಬಿ ಬಾಗಿಲಲ್ಲೇ ಗದರಿದಳು.

"ಲೈಸೆನ್ಸ್ ಅಬ್ಬಾನ ಹೆಸರಿಗೆ ಅದ ಖಾಲಾ. ಅಬ್ಬಾ ಹೋದ ಮ್ಯಾಲ ಬಂದೂಕ ಮನ್ಯಾಗ ಸಿಕ್ರ ನನ್ನ ಎಳಕೊಂಡು ಹೋಗ್ತಾರ. ಕಲಬುರ್ಗಿ ಬಂದೂಕಿನ ಅಂಗಡ್ಯಾವ ಇವತ್ತೇ ತಂದು ಜಮಾ ಮಾಡು ಅಂದಾನ. ಚಾವಿ ಎಲ್ಲಿಟ್ಟಾನೋ ಏನೋ!"

ಅಡುಗೆ ಮನೆಯ ಬಾಗಿಲಿಗೆ ಅಂಟಿಕೊಂಡು ನಿಂತಿದ್ದ ಸನಾ ತನ್ನ ದುಪಟ್ಟಾದ ತುದಿಯ ಗಂಟನ್ನು ಮುಷ್ಟಿಯೊಳಗೆ ಒತ್ತಿ ಹಿಡಿದಳು. ಚಾವಿ ಅದರೊಳಗಿತ್ತು.

ಅವಳು ಚಾಂದಪಾಶಾನ ಹಿರಿಮಗನ ಮಗಳು. ಅಪ್ಪ ಅಮ್ಮ ತೀರಿಕೊಂಡಾಗಿನಿಂದ ಕಮಲಾಪುರದ ಈ ಮನೆಯಲ್ಲಿ ಅಜ್ಜನ, ಅವಳ ಬಾಯಲ್ಲಿ ದಾದಾನ, ಜೊತೆಗೇ ಬೆಳೆದಿದ್ದಳು. ಶಾಲೆಯನ್ನು ಏಳನೆಯ ತರಗತಿಗೇ ಬಿಟ್ಟಿದ್ದಳು. ನಾಲ್ಕು ಜನ ಸೇರಿದರೆ ಅವಳ ಮಾತು ಗಂಟಲಲ್ಲೇ ಕೂತುಬಿಡುತ್ತಿತ್ತು. ಈಗಲೂ ಅಷ್ಟೇ. ಟ್ರಂಕಿನೊಳಗೆ ಬಂದೂಕು ತೊಳೆಯದೆ ಬಿದ್ದಿತ್ತು. ಚಾವಿ ಕೊಟ್ಟರೆ ಅದು ಹಾಗೆಯೇ ಆಟೋ ಹತ್ತುತ್ತದೆ. ತೊಳೆದು ಕೊಡುತ್ತೇನೆ ಅಂದರೆ ಸಾವಿನ ಮನೆಯಲ್ಲಿ ಯಾರು ಕೇಳುತ್ತಾರೆ?

*

ನಿನ್ನೆ ಸಂಜೆ ಮಹಾದೇವಪ್ಪನ ಬಾಳೆ ತೋಟಕ್ಕೆ ಹಂದಿಗಳು ನುಗ್ಗಿದ್ದವು. ಅವನು ಓಡಿ ಬಂದು ಕರೆದಾಗ ದಾದಾ ಬಂದೂಕು ಹೆಗಲಿಗೇರಿಸಿ ಹೋಗಿ ಆಕಾಶಕ್ಕೆ ಒಂದು ಗುಂಡು ಹಾರಿಸಿದ್ದ. ಹಂದಿಗಳು ಚದುರಿ ಓಡಿದ್ದವು. ಮನೆಗೆ ಬಂದವನೇ ಎದೆ ಒತ್ತಿಕೊಂಡು ಕೂತ.

ಉಳಿದ ದಿನವಾಗಿದ್ದರೆ ಅಂಗಳದಲ್ಲಿ ಗೋಣಿಚೀಲ ಹಾಸುತ್ತಿದ್ದ. ಹಳೆಯ ಬನಿಯನ್ ಹರಿದು ಚಿಂದಿ ಮಾಡಿ, ದಾರಕ್ಕೆ ಕಟ್ಟಿ, ನಳಿಗೆಯೊಳಗೆ ಇಳಿಬಿಟ್ಟು ಆಚೆ ತುದಿಯಿಂದ ಎಳೆಯುತ್ತಿದ್ದ. ಮೊದಲನೆಯ ಚಿಂದಿ ಕಾಡಿಗೆಯಂತೆ ಬರುತ್ತಿತ್ತು. ಆಮೇಲೆ ಬೂದಿ ಬಣ್ಣ. ಎಷ್ಟು ಹೊತ್ತಾದರೂ ಸರಿ, ಚಿಂದಿ ಬೆಳ್ಳಗೆ ಹೊರಬರುವ ತನಕ ಅವನು ಊಟಕ್ಕೆ ಕೈ ತೊಳೆಯುತ್ತಿರಲಿಲ್ಲ. ಸನಾ ಎದುರಿಗೆ ಕೂತು ಎಣ್ಣೆ ಡಬ್ಬಿ ಹಿಡಿಯುತ್ತಿದ್ದಳು.

ನಿನ್ನೆ ಮಾತ್ರ ಬಂದೂಕನ್ನು ಹಾಗೆಯೇ ಟ್ರಂಕಿಗೆ ಹಾಕಿ ಚಾವಿಯನ್ನು ಅವಳ ಕೈಗಿಟ್ಟ. "ಮುಂಜಾನಿ ತೊಳಿಯೋಣು ಬೇಟಾ. ಮದ್ದಿನ ಮಸಿ ಕಬ್ಬಿಣ ತಿಂತದ. ನನಗ ನೆನಪ ಮಾಡು."

ಬೆಳಗಿನ ಅಜಾನಿಗೂ ಮುಂಚೆ ಅವನ ಉಸಿರು ನಿಂತಿತ್ತು.

*

ಮೈ ತೊಳೆದು ಬಂದ ಫುರ್ಕಾನ್ ತೋಳಿನ ನೀರು ಒರೆಸಿಕೊಳ್ಳುತ್ತ, "ಬಲಗಡಿ ಹೆಗಲು ಎಷ್ಟು ಇಳಿದದ ನೋಡ್ರಿ ಚಾಚಾಂದು" ಎಂದ.

"ಇಳೀದೇನ್ ಮಾಡ್ತದ? ನೌಕರಿ ಪೂರಾ ಬ್ಯಾಂಕಿನ ಬಾಗಲದಾಗ ಬಂದೂಕ ಹೊತ್ತು ನಿಂತಾನ" ಎಂದ ಮಹಾದೇವಪ್ಪ. ಬೆಳಗಿನಿಂದ ಅವನು ಯಾರ ಮುಖವನ್ನೂ ನೋಡಿರಲಿಲ್ಲ. "ನಾ ನಿನ್ನೆ ಕರಿಯಾಕ ಬರಬಾರದಿತ್ತು. ಹಾಳಾಗ್ಲಿ ಬಾಳಿ, ತಿಂದ್ರ ತಿಂದಿದ್ವು."

"ನೀ ಕರೀಲಿಲ್ಲಂದ್ರೂ ಹೋಗ್ತಿದ್ದ ಬಿಡೋ. ಹಂದಿ ಬರಲಿಲ್ಲಂದ್ರ ಅವನಿಗೇ ಬ್ಯಾಸರ ಆಗ್ತಿತ್ತು" ಎಂದಳು ಮಸ್ತಾನಬಿ. ಒಂದಿಬ್ಬರು ನಕ್ಕು ಕೂಡಲೇ ಬಾಯಿ ಮುಚ್ಚಿಕೊಂಡರು.

"ಅಷ್ಟು ವರ್ಷದಾಗ ಬ್ಯಾಂಕಿನ್ಯಾಗ ಒಂದು ಗುಂಡರ ಹೊಡದಾನೇನು?" ಯಾರೋ ಕೇಳಿದರು.

"ಒಂದೂ ಇಲ್ಲ" ಎಂದ ಜಾವೀದ್. "ಆದ್ರೂ ಆ ಬಂದೂಕಿಗೇ ಇಷ್ಟು ಮುದ್ದು ಮಾಡಿದ. ನನ್ನ ಕೈಗೆ ಒಂದು ಸಲನೂ ಕೊಡ್ಲಿಲ್ಲ. ನಾ ಪಾಲಿಶ್ ಮಾಡ್ಸಿ ಕೊಟ್ಟೆ, ಅದಕ್ಕೂ ಒಂದು ಮಾತು ಆಡ್ಲಿಲ್ಲ."

*

ಅದು ಎರಡು ವರ್ಷದ ಹಿಂದಿನ ಮಾತು. ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ ಜಾವೀದನ ಮೊಬೈಲ್ ಅಂಗಡಿ ಆಗಷ್ಟೇ ಕಣ್ಣು ಬಿಟ್ಟಿತ್ತು. ಅಬ್ಬಾನಿಗೆ ಈದಿಗೆ ಏನಾದರೂ ಮಾಡಬೇಕೆಂದು, ಸರ್ವಿಸ್ ಮಾಡಿಸೋಣ ಎಂದು ನೆಪ ಹೇಳಿ, ಅವನನ್ನೂ ಬಂದೂಕನ್ನೂ ಕಲಬುರಗಿಗೆ ಕರೆದುಕೊಂಡು ಹೋದ. ಬಂದೂಕಿನ ಅಂಗಡಿಯವನು ಅದರ ಹಿಂಬದಿಯ ಕಟ್ಟಿಗೆಯನ್ನು, ದಾದಾ ಕುಂದಾ ಅನ್ನುತ್ತಿದ್ದ ಆ ಭಾಗವನ್ನು, ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯುವ ವಾರ್ನಿಶ್ ಹಚ್ಚಿಟ್ಟ. ದಾದಾನ ಕೆನ್ನೆ ಕೂತು ಕೂತು ತಗ್ಗಾಗಿದ್ದ ಜಾಗ ಎಲ್ಲಿತ್ತೆಂದೇ ತಿಳಿಯದಂತಾಗಿತ್ತು.

ಮನೆಗೆ ಬಂದು ದಾದಾ ಅದನ್ನು ತೊಡೆಯ ಮೇಲಿಟ್ಟುಕೊಂಡು ಆ ತಗ್ಗನ್ನು ಬೆರಳಿನಿಂದ ಹುಡುಕಿದ. "ಯಾರದೋ ಬಂದೂಕ ತಂದಂಗ ಆಗ್ಯದ" ಎಂದ ಕೊನೆಗೆ, ಸನಾಳಿಗೆ ಮಾತ್ರ. "ಚಾಚಾಗ ಹೇಳಬ್ಯಾಡ. ಹುಡುಗ ಪ್ರೀತಿಲೆ ಮಾಡ್ಸ್ಯಾನ."

ಆಮೇಲೆ ದಿನಾ ಸಂಜೆ ಗುಂಡಿಲ್ಲದ ಬಂದೂಕನ್ನು ಕೆನ್ನೆಗೆ ಒತ್ತಿಕೊಂಡು ಗೋಡೆಯ ಮೇಲಿನ ಒಂದು ಮೊಳೆಗೆ ಗುರಿ ಹಿಡಿದು ಕೂರುವುದು ಅವನ ರೂಢಿಯಾಯಿತು.

"ಏನ್ ಚೊಲೊ ಅದ ದಾದಾ ಇದರಾಗ?" ಎಂದು ಅವಳು ಒಮ್ಮೆ ಕೇಳಿದ್ದಳು. "ಗುಂಡು ಎಡಕ್ಕ ಹೋಗ್ತದ ಅಂತ ನೀನೇ ಅಂತಿ."

"ಎಡಕ್ಕ ಹೋಗ್ತದ, ಖರೆ. ಎಷ್ಟು ಹೋಗ್ತದ ಅಂತ ನನಗ ಗೊತ್ತದ. ಅದಲ್ಲ. ಇಲ್ಲಿ ಬೆರಳ ಇಡು." ಅವನು ಅವಳ ಬೆರಳನ್ನು ಗುಂಡು ಹಾರಿಸುವ ಕುದುರೆಯ ಮೇಲಿಟ್ಟು ಮೆಲ್ಲಗೆ ಒತ್ತಿಸಿದ. ಅದು ಸ್ವಲ್ಪ ಮೆತ್ತಗೆ ಸರಿದು ಒಂದು ಕಡೆ ಗಟ್ಟಿಯಾಗಿ ನಿಂತಿತು. "ನಿಂತಿತಲ್ಲ? ಇಲ್ಲಿ ಅದು ಕೇಳ್ತದ, ಹೊಡೀಲೇನು ಅಂತ. ಒಮ್ಮೆ ಬ್ಯಾಂಕಿನ್ಯಾಗ ಒಬ್ಬಾವ ಚಾಕು ತಗದಿದ್ದ. ನನ್ನ ಬೆರಳ ಇಲ್ಲೀತನಕ ಬಂತು. ಇದು ಕೇಳ್ತು. ನಾ ಅವನ ಮಾರಿ ನೋಡಿದೆ, ಹಸದಾವ ಇದ್ದ. ಅಷ್ಟರಾಗ ಚಾಕು ಒಗದು ಅಳಾಕ ಕೂತ. ಎಲ್ಲಾ ಬಂದೂಕ ಕೇಳಂಗಿಲ್ಲ, ಬೇಟಾ."

*

ಹೆಣ ಹೊತ್ತ ಜನಾಜಾ ಎತ್ತುವ ಮೊದಲು, ರೂಢಿಯಂತೆ, ಸತ್ತವನ ಬಟ್ಟೆಗಳ ಗಂಟನ್ನು ಮೈ ತೊಳೆದ ಫುರ್ಕಾನನಿಗೆ ಕೊಟ್ಟರು. ಗಂಟಿನ ಬಾಯಿಂದ ಬನಿಯನ್ನಿನ ತೋಳು ಇಣುಕುತ್ತಿತ್ತು. ಚಿಂದಿಗೆಂದು ಎತ್ತಿಟ್ಟಿದ್ದವೂ ಅದರಲ್ಲೇ ಸೇರಿದ್ದವು. ಒಂದು ಬಿಟ್ಟುಹೋಗು ಎನ್ನಲು ಸನಾ ಎರಡು ಹೆಜ್ಜೆ ಮುಂದಿಟ್ಟಳು. ಫುರ್ಕಾನ್ ತಿರುಗಿ ನೋಡಿದ. ಅವಳು ತಲೆ ತಗ್ಗಿಸಿದಳು. ಗಂಟು ಹೋಯಿತು.

ಗಂಡಸರು ಕಬರಸ್ತಾನದ ಕಡೆ ಹೊರಟ ಮೇಲಾದರೂ ಟ್ರಂಕು ತೆಗೆಯಬೇಕೆಂದಿದ್ದಳು. ಮಂಡಿ ನೋವಿನ ಮಸ್ತಾನಬಿ ಬಂದು ಸರಿಯಾಗಿ ಅದರ ಮೇಲೆಯೇ ಕೂತು ತಸ್ಬಿಯ ಮಣಿ ಎಣಿಸತೊಡಗಿದಳು. ಸನಾ ಎದುರಿಗೆ ಹೋಗಿ ನಿಂತಳು.

"ಏನವ್ವಾ, ನೀರೇನು?"

"ಹ್ಞೂಂ" ಎಂದು ನೀರು ತಂದುಕೊಟ್ಟಳು. ಮತ್ತೆ ಹೋಗಿ ನಿಂತಳು. ಮಸ್ತಾನಬಿ ಅವಳ ತಲೆ ಸವರಿ, "ಅಳಬೇಕನ್ಸಿದ್ರ ಅತ್ತುಬಿಡು" ಎಂದಳು. ಸನಾಳಿಗೆ ಅಳು ಬರಲಿಲ್ಲ. ತನ್ನ ನಾಲಿಗೆಯನ್ನೇ ಕಿತ್ತು ಬಿಸಾಡುವಷ್ಟು ಸಿಟ್ಟು ಬಂತು. ಆ ಕಬ್ಬಿಣದ ಪೆಟ್ಟಿಗೆಯೊಳಗೆ ಮಸಿ ತನ್ನ ಕೆಲಸ ನಡೆಸಿಯೇ ಇತ್ತು.

ಮಣ್ಣು ಕೊಟ್ಟು ಮರಳಿದ ಜಾವೀದನ ಕೈಯಲ್ಲಿ ದೊಡ್ಡ ಸುತ್ತಿಗೆಯಿತ್ತು. ಹೊರಗೆ ಆಟೋ ಗುರುಗುಡುತ್ತಿತ್ತು. "ಏಳು ಖಾಲಾ. ಅಂಗಡಿ ಮುಚ್ಚತಾನ."

ಮಸ್ತಾನಬಿ ಎದ್ದಳು. ಸುತ್ತಿಗೆ ಮೇಲೇರಿತು.

"ಒಡೀಬ್ಯಾಡ್ರಿ ಚಾಚಾ!"

ತನ್ನ ದನಿ ಅಷ್ಟು ದೊಡ್ಡದೆಂದು ಸನಾಳಿಗೇ ಗೊತ್ತಿರಲಿಲ್ಲ. ಅಂಗಳದವರೆಲ್ಲ ಒಳಗೆ ಹಣಕಿದರು. ಅವಳು ದುಪಟ್ಟಾದ ಗಂಟು ಬಿಚ್ಚಿದಳು.

"ಮುಂಜಾನಿಂದ ನಿನ್ನ ಹತ್ರ ಇತ್ತಾ? ನಾ ಇಲ್ಲಿ ಹುಚ್ಚನಂಗ..."

"ತೊಳದು ಕೊಡ್ತೀನ್ರಿ. ದಾದಾ ತೊಳದಿಲ್ಲ ಅದನ್ನ. ಹಂಗೇ ಒಯ್ಯಬ್ಯಾಡ್ರಿ."

ಜಾವೀದ್ ಏನೋ ಬೈಯಲು ಬಾಯಿ ತೆರೆದ. ಅವಳು ಆಗಲೇ ಬೀಗ ತೆಗೆದು ಬಂದೂಕನ್ನೂ ದಾರವನ್ನೂ ಹೊಸಿಲಿಗೆ ತಂದಿದ್ದಳು. ಚಿಂದಿ ಮಾತ್ರ ಇರಲಿಲ್ಲ. ಮಸ್ತಾನಬಿ ಗೂಡಿನಿಂದ, ದಾದಾನಿಗೆ ಹೊದಿಸಿದ ಕಫನ್ ಕತ್ತರಿಸಿ ಉಳಿದಿದ್ದ ಬಿಳಿ ಅರಿವೆ ತೆಗೆದು ಅವಳ ಮಡಿಲಿಗೆ ಹಾಕಿದಳು. "ಹರಿ. ಅವನ ಪಾಲಿಂದೇ ಅದ."

ಒಬ್ಬಳಿಂದಲೇ ಬಂದೂಕು ಹಿಡಿದು ದಾರ ಎಳೆಯಲಾಗಲಿಲ್ಲ. ಜಾವೀದ್ ಹಲ್ಲು ಕಚ್ಚಿಕೊಂಡೇ ಎದುರಿಗೆ ಕೂತು ಕುಂದಾವನ್ನು ಎದೆಗೆ ಆನಿಸಿ ಹಿಡಿದ. ಮೊದಲನೆಯ ಚಿಂದಿ ಕಪ್ಪಗೆ ಬಂತು. ಎರಡನೆಯದೂ ಕಪ್ಪಗೆ. ಹಿಡಿದಲ್ಲಿಯೇ ಅವನ ಹೆಬ್ಬೆರಳು ನಿಂತಿತು. ಹೊಳೆಯುವ ವಾರ್ನಿಶ್ ನಡುವೆ ಕೆನ್ನೆ ತಾಗುವ ಕಡೆ, ತತ್ತಿಯಷ್ಟಗಲ, ಹೊಳಪು ಸವೆದು ಬರಿಯ ಕಟ್ಟಿಗೆ ಕಾಣುತ್ತಿತ್ತು.

ಆಟೋದವನು ಹಾರ್ನ್ ಬಾರಿಸಿದ. ಮತ್ತೊಮ್ಮೆ, ಉದ್ದಕ್ಕೆ.

ಹೊಸಿಲ ಮೇಲೆ ಚಿಂದಿಗಳು ಸಾಲಾಗಿ ಬಿದ್ದಿದ್ದವು. ಕಪ್ಪು, ಕಪ್ಪು, ಬೂದಿ, ಮತ್ತೂ ಬೂದಿ. ಜಾವೀದ್ ಆ ಸವೆದ ಜಾಗದಿಂದ ಹೆಬ್ಬೆರಳು ತೆಗೆಯದೆ, ಇನ್ನೊಂದು ಕೈಯನ್ನು ಸನಾಳ ಮಡಿಲಿನ ಬಿಳಿ ಅರಿವೆಯ ಕಡೆ ಚಾಚಿದ.