ಹುಳುಮನೆಯ ಕಬಡ್ಡಿ

ಸಮುದಾಯ ಅನ್ನುವ ಪದ ಈಗ ಕಿವಿಗೆ ಬಿದ್ದರೆ ನನಗೆ ವಾಕರಿಕೆ ಬರುತ್ತದೆ. ಎರಡು ವರ್ಷ ಆ ಪದವನ್ನೇ ತಿಂದು ಬದುಕಿದವನು ನಾನು. ಕ್ರೀಡಾ ನಿರ್ವಹಣೆಯಲ್ಲಿ ಪಿಎಚ್.ಡಿ. ಮಾಡಲು ಹೊರಟಿದ್ದೆ. ಊರಿನವರೆಲ್ಲ ಸೇರಿ ಒಂದು ಆಟದ ಸಂಘವನ್ನು ಹೇಗೆ ನಡೆಸುತ್ತಾರೆ ಎಂಬುದು ನನ್ನ ವಿಷಯ. ಮಾರ್ಗದರ್ಶಕ ಮುರಳಿಮೋಹನ್ ಅವರು ಮಂಚೇನಹಳ್ಳಿ ಹತ್ತಿರದ ಒಂದು ಊರಿನ ಹೆಸರು ಹೇಳಿ, ಅಲ್ಲಿನ ಹುಡುಗಿಯರ ಕಬಡ್ಡಿ ಸಂಘ ಮಾದರಿ ಸಂಘ, ಕಣ್ಣು ಮುಚ್ಚಿಕೊಂಡು ಬರೆಯಬಹುದು ಎಂದಿದ್ದರು. ಹಾಗೆಯೇ ಬರೆದೆ.

ಸಂಘದ ಅಧ್ಯಕ್ಷ ವೆಂಕಟರಾಮಪ್ಪ ತಮ್ಮ ರೇಷ್ಮೆಹುಳು ಸಾಕುವ ಮನೆಯನ್ನೇ ಆಟಕ್ಕೆ ಬಿಟ್ಟುಕೊಟ್ಟಿದ್ದರು. ಯಾವುದೋ ಸಂಸ್ಥೆ ದಾನ ಕೊಟ್ಟ ನೀಲಿ ಮ್ಯಾಟ್ ಒಳಗೆ ಹಾಸಿತ್ತು. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ಟ್ರೇ. ನಾನು ಶಿಡ್ಲಘಟ್ಟದ ಕಡೆಯವನು, ರೇಷ್ಮೆ ಮನೆಯಲ್ಲೇ ಹುಟ್ಟಿ ಬೆಳೆದವನು. ಹುಳುಮನೆಗೆ ಕಾಲಿಡುವ ಮುಂಚೆ ಪಾದ ಅದ್ದುವುದು ನನಗೆ ಉಸಿರಾಡಿದಷ್ಟು ಸಹಜ, ಇಲ್ಲವಾದರೆ ಹುಳುಗಳಿಗೆ ರೋಗ ತಗಲುತ್ತದೆ. ಮೊದಲ ದಿನ ಚಪ್ಪಲಿ ಬಿಟ್ಟು ಕಾಲು ಅದ್ದಲು ಹೋದಾಗ ವೆಂಕಟರಾಮಪ್ಪ ತೋಳು ಹಿಡಿದು ತಡೆದರು. “ನಿಮಗ್ಯಾಕೆ ಸಾರ್, ಬನ್ನಿ ಒಳಕ್ಕೆ,” ಅಂದರು. ಅತಿಥಿ ಅಂತ ಮರ್ಯಾದೆ ಕೊಡುತ್ತಿದ್ದಾರೆ ಎಂದುಕೊಂಡು ಹಿಗ್ಗಿದೆ. ಸಂಘ ತಾನಾಗಿಯೇ ರೂಢಿಸಿಕೊಂಡ ಶುಚಿತ್ವದ ಶಿಸ್ತು ಎಂದು ಆ ಟ್ರೇ ಬಗ್ಗೆ ವರದಿಯಲ್ಲಿ ಒಂದು ಪುಟ ಬರೆದೆ. ಮುರಳಿಮೋಹನ್ ಅವರಿಗೆ ಆ ಪುಟ ಬಹಳ ಹಿಡಿಸಿತು.

ತಂಡದ ಜೀವ ತನುಜ. ಊರಾಚೆಯ ದಲಿತರ ಕಾಲೋನಿಯ ಕೊಂಡಪ್ಪನ ಮಗಳು, ಹದಿನಾರು ವರ್ಷ. ರೈಡಿಗೆ ಹೋದರೆ ಇಬ್ಬರನ್ನು ಮುಟ್ಟದೆ ವಾಪಸು ಬರುತ್ತಿರಲಿಲ್ಲ. ಭಾನುವಾರ ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾ ಆಯ್ಕೆ ಇತ್ತು. ಅವಳು ಆಯ್ಕೆಯಾಗುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಯಾವಾಗಲೂ ಆಟ ಶುರುವಾದ ಮೇಲೆ ಹೋಗುತ್ತಿದ್ದವನು, ಆ ವಾರ ಫೋಟೋ ತೆಗೆಯಲು ಬೆಳಿಗ್ಗೆ ಬೇಗ ಹೋಗಿದ್ದೆ. ಹುಡುಗಿಯರೆಲ್ಲ ಬರಿಗಾಲಲ್ಲೇ ಆಡುವವರು. ನೀಲಿ ಮ್ಯಾಟಿನ ಮೇಲೆ ಬಿಳಿ ಹೆಜ್ಜೆಗಳು ಒಣಗುತ್ತಿದ್ದವು. ಹತ್ತು ಹುಡುಗಿಯರಿದ್ದರು, ಹೆಜ್ಜೆ ಇದ್ದದ್ದು ಮೂವರದು ಮಾತ್ರ. ಮೂವರೂ ಕಾಲೋನಿಯವರು. ಉಳಿದ ಏಳು ಮಂದಿ ಟ್ರೇಯನ್ನು ದಾಟಿಕೊಂಡು ಬಂದಿದ್ದರು, ನಾನು ದಾಟಿಕೊಂಡು ಬಂದ ಹಾಗೆಯೇ. ತನುಜ ಕುಂಟುತ್ತಿದ್ದಳು. ಅವಳ ಅಂಗಾಲು ಸುಲಿದು ಕೆಂಪಗಾಗಿ ಬಿರುಕು ಬಿಟ್ಟಿತ್ತು.

ಈಗ ಹುಳು ಎಲ್ಲಿವೆ ಎಂದು ವೆಂಕಟರಾಮಪ್ಪನವರನ್ನು ಕೇಳಿದೆ. ರೇಷ್ಮೆ ಬಿಟ್ಟು ನಾಲ್ಕು ವರ್ಷವಾಯಿತಂತೆ, ಈಗೆಲ್ಲ ದ್ರಾಕ್ಷಿಯಂತೆ. ಹಾಗಾದರೆ ಟ್ರೇ ಯಾಕೆ ಎಂದೆ. ಅವರು ಮುಖ ತಗ್ಗಿಸಲಿಲ್ಲ.

“ಮಕ್ಳು ಒಬ್ರನ್ನೊಬ್ರು ಹಿಡ್ಕೊಂಡು ಬೀಳೋ ಆಟ ಸಾರ್ ಇದು. ಸುಮ್ನೆ ಆಡ್ಸಕ್ಕಾಗ್ತದಾ? ಅದನ್ನ ಇಟ್ಟಿರೋದ್ರಿಂದ್ಲೇ ನಮ್ಮೋರು ಹೆಣ್ಮಕ್ಳನ್ನ ಕಳಿಸ್ತಿರೋದು. ಇಲ್ದಿದ್ರೆ ಸಂಘಾನೇ ಇರ್ತಿರ್ಲಿಲ್ಲ. ನೀವೂ ನಮ್ಮೋರೇ, ನಿಮಗೆ ಹೇಳ್ಬೇಕಾ?”

ಅಲ್ಲಿಂದಲೇ ಮುರಳಿಮೋಹನ್ ಅವರಿಗೆ ಫೋನ್ ಮಾಡಿ, ಆ ಪುಟ ತೆಗೆದು ಇದನ್ನು ಬರೆಯುತ್ತೇನೆ ಎಂದೆ. ವರದಿ ಮ್ಯಾಟ್ ಕೊಟ್ಟ ಸಂಸ್ಥೆಗೆ ಹೋಗಿಯಾಗಿದೆ, ಇಂಥದ್ದೇ ಇನ್ನೂ ಹತ್ತು ಮ್ಯಾಟ್ ಬರುವುದಿದೆ, ಭಾಗವಹಿಸುವವರ ಸಂಖ್ಯೆ ಸರಿಯಾಗಿದೆ ತಾನೇ ಎಂದರು. ಆಮೇಲೆ, ಇದನ್ನು ಅಧ್ಯಯನದ ಮಿತಿಗಳು ಅನ್ನುವ ಭಾಗದಲ್ಲಿ ಒಂದು ಸಾಲು ಸೇರಿಸಪ್ಪ ಎಂದು ನಯವಾಗಿ ಹೇಳಿದರು. ಫೋನಿಟ್ಟವನೇ ಟ್ರೇಯನ್ನು ಒದ್ದು ಮಗುಚಿದೆ. ಮಾರನೇ ದಿನ ಅದು ಮತ್ತೆ ತುಂಬಿತ್ತೆಂದು ಹುಡುಗಿಯರು ಹೇಳಿದರು.

ಭಾನುವಾರ ಚಿಕ್ಕಬಳ್ಳಾಪುರದ ಮೈದಾನದಲ್ಲಿ ತನುಜಳ ಹೆಸರನ್ನು ಮೂರು ಸಲ ಕೂಗಿದರು. ಅವಳು ಬಂದಿರಲಿಲ್ಲ. ಸಂಜೆ ಅವಳ ಮನೆಗೆ ಹೋದೆ. ಕೊಂಡಪ್ಪ ಕುರ್ಚಿ ತಂದು ಹಾಕಿ, ಚಪ್ಪಲಿ ಮೆಟ್ಟಕ್ಕೂ ಆಗ್ತಿಲ್ಲ ಸಾರ್ ಅಂದ. ತನುಜ ಕಾಲಿಗೆ ಕೊಬ್ಬರಿಎಣ್ಣೆ ಹಚ್ಚಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಒಂದು ವರ್ಷ ನಿಮ್ಮೂರಿಗೆ ಓಡಾಡಿದೆ, ಒಂದು ಮಾತು ನನಗೆ ಯಾಕಮ್ಮ ಹೇಳಲಿಲ್ಲ ಎಂದು ಕೇಳಿದೆ. ನಿಜ ಹೇಳಬೇಕೆಂದರೆ ನನ್ನ ದನಿಯಲ್ಲಿ ಆಕ್ಷೇಪಣೆಯೇ ಇತ್ತು.

“ಹೇಳಿದ್ನಲ್ಲ ಸಾರ್,” ಅಂದಳು. “ನೀವು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡ್ರಲ್ಲ, ಅವತ್ತೇ.”

ಬಸ್‌ಸ್ಟ್ಯಾಂಡಿನಲ್ಲಿ ಕೂತು ಹುಡುಕಿದೆ. ಸಂದರ್ಶನ ಏಳು, ಹನ್ನೊಂದನೇ ನಿಮಿಷ. “ಅದ್ರೊಳಗೆ ನಿಂತ್ಕೊಂಡ್ರೆ ಕಾಲು ಉರೀತದೆ ಸಾರ್,” ಅನ್ನುತ್ತಾಳೆ ತನುಜ. ನಾನು ನಗುತ್ತೇನೆ. “ನಮ್ಮನೇಲೂ ಹಂಗೇ ಕಣಮ್ಮ, ಅಭ್ಯಾಸ ಆಗುತ್ತೆ,” ಎಂದು ಹೇಳಿ ಮುಂದಿನ ಪ್ರಶ್ನೆ ಕೇಳುತ್ತೇನೆ.