ಗುಂಡ್ಯಾನ ಉಗುರು

ಕಸ್ತೂರಿ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಾಗ ಪಡಸಾಲೆಯಲ್ಲಿ ಗುಂಡ್ಯಾ ಕುಂಯ್ಗುಟ್ಟಿತು. ಮೊದಲು ಸಣ್ಣಗೆ, ಆಮೇಲೆ ಓಣಿಗೆಲ್ಲ ಕೇಳುವ ಹಾಗೆ. ಅವಳು ಹಿಟ್ಟಿನ ಕೈಯಲ್ಲೇ ಎದ್ದು ಓಡಿದಳು.

ನಾಯಿ ಮಲಗುತ್ತಿದ್ದದ್ದು ಅವಳ ಗಂಡ ಪ್ರೇಮಕುಮಾರನ ಮಂಚದ ಮೇಲೆ, ಅವನ ಕಾಲ ಹತ್ತಿರ. ಈಗ ಅದರ ಮುಂಗಾಲಿನ ಉಗುರು ಕೌದಿಯ ಹೊಲಿಗೆಗೆ ಸಿಕ್ಕಿಕೊಂಡಿತ್ತು. ಜಗ್ಗಿದಷ್ಟೂ ದಾರ ಬಿಗಿಯುತ್ತಿತ್ತು. ಕೌದಿ ಸರಿದು ಪ್ರೇಮಕುಮಾರನ ಎರಡೂ ಕಾಲು ಹೊರಗೆ ಬಿದ್ದಿದ್ದವು.

"ಅದರ ಕಾಲು ಮುಟ್ಟಬ್ಯಾಡ, ಕಡೀತೈತಿ. ದಾರಾನ ಕತ್ತರಸು," ಅಂದ ಅವನು.

ಅವಳು ದಾರ ಕತ್ತರಿಸಿ ಬಿಡಿಸುವಷ್ಟರಲ್ಲಿ ರೊಟ್ಟಿ ಸೀದ ವಾಸನೆ ಮನೆಯೆಲ್ಲ ತುಂಬಿತು.

ಗುಂಡ್ಯಾ ಅರ್ಧ ಮುಧೋಳದ ತಳಿ, ಅರ್ಧ ಓಣಿಯದು. ಮರಿಯಾಗಿದ್ದಾಗಿನಿಂದಲೂ ಪಾದ ಮುಟ್ಟಿಸಿಕೊಂಡದ್ದಲ್ಲ. ಮುಟ್ಟುವ ಅಗತ್ಯವೂ ಬಿದ್ದಿರಲಿಲ್ಲ. ದಿನಾ ಪ್ರೇಮಕುಮಾರನ ಹಿಂದೆ ಇಳಕಲ್ಲಿನ ಹೊರಗಿನ ಕಲ್ಲಿನ ಕ್ವಾರಿಗೆ ಹೋಗಿ, ಅವನು ಕಲ್ಲು ಸೀಳುವಷ್ಟು ಹೊತ್ತೂ ಬಂಡೆಗಳ ಮೇಲೆ ಅಲೆದು, ಅವನ ಜೊತೆಗೇ ಮನೆಗೆ ಬರುತ್ತಿತ್ತು. ಅದರ ಉಗುರನ್ನು ಕಲ್ಲೇ ಸವೆಸುತ್ತಿತ್ತು. ಹೋದ ಶ್ರಾವಣದಲ್ಲಿ ನೆಂದ ಬಂಡೆಯ ಮೇಲೆ ಪ್ರೇಮಕುಮಾರ ಕಾಲು ಜಾರಿ ಬೆನ್ನಡಿಯಾಗಿ ಕೆಳಗೆ ಬಿದ್ದ. ಅಂದಿನಿಂದ ನಾಯಿಯೂ ಹೊಸ್ತಿಲು ದಾಟುವುದನ್ನು ಕಡಿಮೆ ಮಾಡಿತು. ಈಗ ಅದರ ಉಗುರುಗಳು ಕುಡುಗೋಲಿನ ಹಾಗೆ ಬಾಗಿ ಬೆಳೆದಿದ್ದವು.

ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು ಕಸ್ತೂರಿಯೊಬ್ಬಳನ್ನೇ ಹೊರಗೆ ಕರೆದು ಹೇಳುವುದನ್ನು ಹೇಳಿದ್ದರು. ಅದನ್ನು ಅವಳು ಗಂಡನಿಗೆ ಹೇಳಿದಳು. ಮೂರನೆಯ ಇಯತ್ತೆಯ ಮಗಳು ಗೀತಾಂಜಲಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ. "ಅಪ್ಪನ ಕಾಲು ಜೋಮು ಹಿಡದಾವವ್ವ. ಸೊಲ್ಪ ದಿನಕ್ಕ ಬಿಡ್ತೈತಿ," ಅಂದುಬಿಟ್ಟಳು.

ಜೋಮು ಏನೆಂದು ಹುಡುಗಿಗೆ ಗೊತ್ತಿತ್ತು. ಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಕೂತು ಅವಳಿಗೂ ಹಿಡಿಯುತ್ತಿತ್ತು, ತಿಕ್ಕಿದರೆ ಬಿಡುತ್ತಿತ್ತು. ಹಾಗಾಗಿ ದಿನಾ ಸಾಲೆಯಿಂದ ಬಂದವಳೇ ಅಪ್ಪನ ಅಂಗಾಲು ತಿಕ್ಕುತ್ತಿದ್ದಳು, ಕಚಗುಳಿ ಇಡುತ್ತಿದ್ದಳು. ಪ್ರೇಮಕುಮಾರ ಅವಳ ಬೆರಳನ್ನೇ ನೋಡುತ್ತಿದ್ದು, ಬೆರಳು ಆಡಿದೊಡನೆ "ಬಿಡವ್ವ, ಸಾಕು ಬಿಡು" ಎಂದು ನಗುತ್ತಿದ್ದ. ಒಳಗೆ ಆ ನಗು ಕೇಳಿದಾಗೆಲ್ಲ ಕಸ್ತೂರಿ ಪಾತ್ರೆಗಳನ್ನು ಇನ್ನಷ್ಟು ಜೋರಾಗಿ ತಿಕ್ಕುತ್ತಿದ್ದಳು. ಹಲ್ಲಿಯ ಬಾಲ ಯಾಕೆ ಕುಣಿಯುತ್ತದೆ, ಮೊಸರು ಯಾಕೆ ಹೆಪ್ಪಾಗುತ್ತದೆ ಎಂದು ಎಲ್ಲವನ್ನೂ ಕೇಳುವ ಹುಡುಗಿ ಅಪ್ಪನ ಕಾಲಿನ ಬಗ್ಗೆ ಮಾತ್ರ ಏನೂ ಕೇಳುತ್ತಿರಲಿಲ್ಲ. ಕಸ್ತೂರಿಗೆ ಭಯವಾಗುತ್ತಿದ್ದದ್ದೇ ಅದಕ್ಕೆ.

ನಾಯಿಯ ಕೂಗು ಕೇಳಿ ಪಕ್ಕದ ಮನೆಯ ತಸ್ಲೀಮಾ ಗೋಡೆಯ ಮೇಲಿಂದ ಇಣುಕಿದಳು. "ಏನವಾ ಕಸ್ತೂರಿ, ನಾಯಿ ಸಾಕೀಯೋ, ಕೊಲ್ಲಾಕತ್ತೀಯೋ?"

"ಉಗುರು ತೆಗೀಬೇಕು. ಕಾಲು ಮುಟ್ಟಗೊಡವಲ್ದು."

"ತಡಿ, ನಮ್ಮನಿಯವರ ದೊಡ್ಡ ನೇಲ್‌ಕಟರ್ ಕೊಡ್ತೇನಿ. ಅವರ ಉಗುರಿಗೇ ಸಾಲ್ತೈತಿ ಅಂದಮ್ಯಾಲ ನಾಯಿಗಿ ಸಾಲೂದಿಲ್ಲೇನು?" ಗೋಡೆಯ ಮೇಲಿಂದಲೇ ಕೊಟ್ಟು ಅವಳು ತನ್ನ ಕೆಲಸಕ್ಕೆ ಹೋದಳು.

ಸೀದ ರೊಟ್ಟಿಯ ಚೂರುಗಳನ್ನು ಹಿಡಿದು ಗೀತಾಂಜಲಿ ನಾಯಿಯ ಮುಂದೆ ಕೂತಳು. ಕಸ್ತೂರಿ ಮೆಲ್ಲಗೆ ಅದರ ಕಾಲಿಗೆ ಕೈ ಹಾಕಿದಳು. ರೊಟ್ಟಿ ತಿನ್ನುತ್ತಲೇ ಗುಂಡ್ಯಾ ಕಾಲನ್ನು ಹೊಟ್ಟೆಯಡಿ ಎಳೆದುಕೊಂಡಿತು. ಮತ್ತೆ ಹಿಡಿದರೆ ಗುರ್ರೆಂದು ಹಲ್ಲು ತೋರಿಸಿತು. ತೋರಿಸಿದ್ದಕ್ಕೆ ತಾನೇ ನಾಚಿಕೊಂಡಂತೆ ಅವಳ ಮಣಿಕಟ್ಟು ನೆಕ್ಕಿತು.

"ಏನ್ ಮಾಡ್ತೀರಂತ ಅದಕ್ಕ ಗೊತ್ತಿಲ್ಲ," ಅಂದ ಪ್ರೇಮಕುಮಾರ. "ಮೊದಲ ನಂದು ತೆಗಿ. ನೋಡ್ಲಿ ಅದು. ನಾ ಸುಮ್ನ ಇರೂದು ನೋಡಿ ತಾನೂ ಸುಮ್ನಾಗ್ತೈತಿ."

"ನಿಮ್ಮವು ನಾಳಿ ಜಳಕಾ ಆದಮ್ಯಾಲ ತೆಗೀತೇನ್ರಿ."

"ಈಗ ತೆಗಿ ಅಂದ್ರ."

ಅವನು ಇಷ್ಟು ಮಾತಾಡಿ ಎಷ್ಟೋ ದಿನವಾಗಿತ್ತು. ಅದನ್ನು ಕೆಡಿಸಲು ಅವಳಿಗೆ ಮನಸ್ಸಾಗಲಿಲ್ಲ. ಮಂಚದ ತುದಿಗೆ ಕೂತು ಅವನ ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು. ಅದು ತಣ್ಣಗಿತ್ತು. ಅವನು ನಾಯಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಹಣೆಗೆ ಹಚ್ಚಿಕೊಂಡ.

"ನೋಡಲೇ ಗುಂಡ್ಯಾ, ಗಂಡಸು ಹೆಂಗ ಇರ್ತಾನ ನೋಡು."

ಗೀತಾಂಜಲಿ ಕಿಸಕ್ಕೆಂದಳು. ಕಸ್ತೂರಿಯೂ ನಕ್ಕಳು. ಕಿರುಬೆರಳಿನಿಂದ ಶುರುಮಾಡಿ ಹೆಬ್ಬೆರಳಿಗೆ ಬಂದಳು. ಅದರ ಉಗುರು ದಪ್ಪಗೆ, ಹಳದಿಯಾಗಿ ಬೆಳೆದಿತ್ತು. ಕಟರ್ ಒಳಗೆ ತೂರಿಸಿ ಒತ್ತುವ ಹೊತ್ತಿಗೇ ಗುಂಡ್ಯಾ ಕೊಸರಿಕೊಂಡು ಹಿಂದೆ ಸರಿದು ಅವಳ ಮೊಣಕೈಗೆ ಬಡಿಯಿತು. ಕಟರ್ ಮಾಂಸವನ್ನು ಕಚ್ಚಿತು. ರಕ್ತ ಮೊದಲು ಒಂದು ಹನಿಯಾಗಿ ನಿಂತಿತು, ಆಮೇಲೆ ಬೆರಳಿನ ಸಂದಿಗೆ ಹರಿಯಿತು.

ಪ್ರೇಮಕುಮಾರ ನಾಯಿಯನ್ನು ಮತ್ತೆ ಎಳೆದುಕೊಂಡು ಅದರ ಕಿವಿ ತಿಕ್ಕುತ್ತಿದ್ದ. "ಆತೇನು? ನೋಡಲೇ, ನಾ ಏನರ ಅಂದ್ನೇನು? ಅತ್ನೇನು?"

ರೊಟ್ಟಿ ಹಿಡಿದ ಗೀತಾಂಜಲಿಯ ಕೈ ಹಾಗೇ ನಿಂತಿತು. ಕಸ್ತೂರಿ ಅವಸರದಲ್ಲಿ ಸೆರಗು ಒತ್ತಿದಳು. ಆಗ ಅವನು ತಲೆ ಎತ್ತಿದ. ಹೆಂಡತಿಯ ಮುಖ ನೋಡಿದ, ಮಗಳ ಮುಖ ನೋಡಿದ, ಆಮೇಲೆ ಸೆರಗಿನ ಕೆಂಪು ನೋಡಿದ.

"ಆಯ್," ಅಂದ, ಹೋಗಿಬಿಟ್ಟ ಬಸ್ಸಿಗೆ ಕೈ ಮಾಡಿದ ಹಾಗೆ.

ಕಸ್ತೂರಿ ಅರಿಷಿಣ ತರಲು ಒಳಗೆ ಹೋದಳು.

ಅವಳು ಹೊರಗೆ ಬಂದಾಗ ಗೀತಾಂಜಲಿ ಮಂಚದ ತುದಿಗೆ ಕೂತಿದ್ದಳು. ಗುಂಡ್ಯಾನ ಪಾದಕ್ಕೆ ಒಂದೇ ಬೆರಳು ತಾಗಿಸಿದಳು. ಪಾದ ಸರಕ್ಕನೆ ಹಿಂದಕ್ಕೆ ಹೋಯಿತು. ಇನ್ನೊಮ್ಮೆ ತಾಗಿಸಿದಳು. ಮತ್ತೆ ಹೋಯಿತು. ಆಮೇಲೆ ಕೌದಿಯನ್ನು ಎಳೆದು ಅಪ್ಪನ ಕಾಲಿಗೆ ಹೊದಿಸಿದಳು. ಹೊದಿಸಿದ ಕೈ ಕೌದಿಯೊಳಗೇ ಉಳಿಯಿತು.

ನಡುವೆ ನಾಯಿ ಕೂತಿದ್ದರಿಂದ ಪ್ರೇಮಕುಮಾರನಿಗೆ ಅದು ಕಾಣುತ್ತಿರಲಿಲ್ಲ. ಬಾಗಿಲಲ್ಲಿ ನಿಂತ ಕಸ್ತೂರಿಗೆ ಕಾಣುತ್ತಿತ್ತು. ಕೌದಿಯ ಒಂದು ತುಂಡು, ಅವಳದೇ ಹಳೇ ಸೀರೆಯ ಕೆಂಪು ತುಂಡು, ಅಂಗಾಲಿನ ಹತ್ತಿರ ಮೇಲೆ ಕೆಳಗೆ ಆಡುತ್ತಿತ್ತು. ಹುಡುಗಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅವನೂ ಅವಳ ಮುಖವನ್ನೇ ನೋಡುತ್ತಿದ್ದ. ಯಾವಾಗ ನಗಬೇಕೆಂದು ಅವನಿಗೆ ತಿಳಿಯಲಿಲ್ಲ.

ಕೆಂಪು ತುಂಡು ಆಡುವುದು ನಿಂತಿತು. ಗೀತಾಂಜಲಿ ಕೈ ಹೊರಗೆ ತೆಗೆದು, ಅಪ್ಪನ ಕಡೆಯಿಂದ ಅವ್ವನ ಕಡೆಗೆ ತಿರುಗಿದಳು.

"ಅವ್ವ, ಅಪ್ಪ ಇನ್ನ ಯಾವತ್ತೂ ನಡಿಯೂದಿಲ್ಲೇನು?"